ಚೀಲದೊಳಗೆ ಹಣವಿಲ್ಲ: ಕ್ರಿಪ್ಟೊ ವ್ಯಾಲೆಟ್ ನಡೆದು ಬಂದ ದಾರಿ

ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದಲ್ಲಿ ನ್ಯೂಪೋರ್ಟ್ ಎಂಬ ನಗರವಿದೆ. 2013ರಲ್ಲಿ ಅಲ್ಲಿನ ಗಣಕ ತಂತ್ರಜ್ಞರೊಬ್ಬರ ಹಳೆಯ ಹಾರ್ಡ್ ಡಿಸ್ಕ್ ಒಂದು ಕಸದೊಡನೆ ಸೇರಿ ನಗರದ ತ್ಯಾಜ್ಯ ಸುರಿಯುವ ಜಾಗಕ್ಕೆ ಹೋಯಿತು. ಸುಮಾರು 8,000 ಬಿಟ್‌ಕಾಯಿನ್‌ಗಳಿಗೆ ಸಂಬಂಧಿಸಿದ ಕಡತ ಅದರಲ್ಲಿತ್ತು. ಕಸದ ರಾಶಿಯನ್ನು ಅಗೆದು ಹುಡುಕಲು ಅನುಮತಿ ಬೇಕೆಂದು ಅವರು ವರ್ಷಗಟ್ಟಲೆ ಹೋರಾಡಿದರು. 2025ರ ಜನವರಿಯಲ್ಲಿ ನ್ಯಾಯಾಲಯ ಅವರ ದಾವೆಯನ್ನು ತಳ್ಳಿಹಾಕಿತು.

ಇದರಲ್ಲಿ ವಿಚಿತ್ರವಾದ ಸಂಗತಿಯೊಂದಿದೆ. ಆ ಬಿಟ್‌ಕಾಯಿನ್‌ಗಳು ಕಸದಲ್ಲಿ ಹೂತುಹೋಗಿಲ್ಲ. ಜಗತ್ತಿನಾದ್ಯಂತ ಸಾವಿರಾರು ಗಣಕಗಳಲ್ಲಿ ನಕಲಾಗಿರುವ ಸಾರ್ವಜನಿಕ ಲೆಕ್ಕದ ಪುಸ್ತಕದಲ್ಲಿ ಅವು ದಾಖಲಾಗಿಯೇ ಇವೆ. ಕಸಕ್ಕೆ ಹೋದದ್ದು ಅವುಗಳನ್ನು ಖರ್ಚು ಮಾಡಲು ಬೇಕಾದ ಕೆಲವು ಸಂಖ್ಯೆಗಳು ಮಾತ್ರ. ಆ ಸಂಖ್ಯೆಗಳನ್ನು ಇಟ್ಟುಕೊಳ್ಳುವ ಸಾಧನಕ್ಕೇ 'ವ್ಯಾಲೆಟ್', ಅಂದರೆ ಹಣದ ಚೀಲ, ಎಂದು ಹೆಸರು ಬಂದಿದೆ. ಹೆಸರೇ ದಾರಿ ತಪ್ಪಿಸುವಂಥದು. ಈ ಚೀಲದಲ್ಲಿ ಹಣವಿರುವುದಿಲ್ಲ, ಕೀಲಿಕೈ ಇರುತ್ತದೆ.

ಕ್ರಿಪ್ಟೊ ಹಣವನ್ನು ಕೊಳ್ಳಬೇಕೆ ಬೇಡವೆ ಎಂಬುದು ಈ ಲೇಖನದ ವಿಷಯವಲ್ಲ. ಆದರೆ ಕೊಂಡವರು, ಕೊಳ್ಳಲು ಹೊರಟವರು ನಮ್ಮ ನಡುವೆಯೂ ಇದ್ದಾರೆ. ಅವರಿಗೆ 'ಹೀಗೆ ಮಾಡಿ, ಹಾಗೆ ಮಾಡಬೇಡಿ' ಎಂಬ ಸೂಚನೆಗಳು ಎಲ್ಲೆಡೆ ಸಿಗುತ್ತವೆ. ಆ ಪ್ರತಿಯೊಂದು ಸೂಚನೆಯ ಹಿಂದೆ ಯಾರೋ ಒಬ್ಬರು ಅನುಭವಿಸಿದ ನಷ್ಟವಿದೆ. ಆ ಚರಿತ್ರೆ ತಿಳಿದರೆ ಸೂಚನೆಗಳನ್ನು ಉರುಹೊಡೆಯುವ ಅಗತ್ಯವಿಲ್ಲ.

ಬೀಗ ಒಂದು, ಕೈ ಎರಡು

1976ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್‌ಮನ್ ಅವರು ಗೂಢಲಿಪಿ ಶಾಸ್ತ್ರಕ್ಕೆ ಹೊಸ ದಿಕ್ಕು ತೋರಿದ ಪ್ರಬಂಧವೊಂದನ್ನು ಪ್ರಕಟಿಸಿದರು. ಅದುವರೆಗೆ ಗುಟ್ಟಿನ ಸಂದೇಶ ಕಳಿಸುವವರಿಗೂ ಪಡೆಯುವವರಿಗೂ ಒಂದೇ ಕೀಲಿಕೈ ಬೇಕಾಗುತ್ತಿತ್ತು. ಒಂದು ಬಹಿರಂಗ, ಇನ್ನೊಂದು ಖಾಸಗಿ ಎಂದು ಜೋಡಿ ಕೀಲಿಕೈಗಳನ್ನು ಬಳಸಬಹುದೆಂದು ಅವರು ತೋರಿಸಿದರು. 1978ರಲ್ಲಿ ರಿವೆಸ್ಟ್, ಶಮೀರ್ ಮತ್ತು ಏಡಲ್‌ಮನ್ ಎಂಬ ಮೂವರು ಈ ತತ್ತ್ವದ ಮೇಲೆ ಡಿಜಿಟಲ್ ಸಹಿ ಹಾಕುವ ವಿಧಾನವನ್ನು ಪ್ರಕಟಿಸಿದರು. 1985ರಲ್ಲಿ ನೀಲ್ ಕೋಬ್ಲಿಟ್ಸ್ ಮತ್ತು ವಿಕ್ಟರ್ ಮಿಲ್ಲರ್ ಬೇರೆ ಬೇರೆಯಾಗಿಯೇ ಇದಕ್ಕೆ ದೀರ್ಘವೃತ್ತೀಯ ವಕ್ರರೇಖೆಗಳ ಗಣಿತವನ್ನು ಅಳವಡಿಸಿದರು. ಇದರಿಂದ ಚಿಕ್ಕ ಕೀಲಿಕೈಗಳಿಂದಲೇ ಹೆಚ್ಚಿನ ಭದ್ರತೆ ಸಾಧ್ಯವಾಯಿತು. ಬಿಟ್‌ಕಾಯಿನ್ ಬಳಸುವುದು ಈ ಗಣಿತವನ್ನೇ.

ಇಲ್ಲಿ ಖಾಸಗಿ ಕೀಲಿಕೈ ಎಂದರೆ 256 ದ್ವಿಮಾನ ಅಂಕಗಳ ಒಂದು ಯಾದೃಚ್ಛಿಕ ಸಂಖ್ಯೆ. ನಮ್ಮ ದಶಮಾನ ಪದ್ಧತಿಯಲ್ಲಿ ಬರೆದರೆ ಸುಮಾರು 77 ಅಂಕಿಗಳಾಗುತ್ತವೆ. ಇದರಿಂದ ಬಹಿರಂಗ ಕೀಲಿಕೈಯನ್ನು ಲೆಕ್ಕ ಹಾಕುವುದು ಸುಲಭ. ಬಹಿರಂಗ ಕೀಲಿಕೈಯಿಂದ ಖಾಸಗಿ ಕೀಲಿಕೈಗೆ ಹಿಂದಿರುಗುವುದು ಇಂದಿನ ಗಣಕಗಳಿಗೆ ಅಸಾಧ್ಯ. ಹಣ ಪಡೆಯಲು ನಾವು ಇತರರಿಗೆ ಕೊಡುವ 'ವಿಳಾಸ' ಬಹಿರಂಗ ಕೀಲಿಕೈಯನ್ನು ಹಿಂಡಿ ಪಡೆದ ಚಿಕ್ಕ ರೂಪ. ಇದನ್ನು ಅಂಚೆ ಪೆಟ್ಟಿಗೆಗೆ ಹೋಲಿಸಬಹುದು. ದಾರಿಹೋಕರು ಯಾರು ಬೇಕಾದರೂ ಕಾಗದ ಹಾಕಬಹುದು. ತೆಗೆಯಲು ಮಾತ್ರ ಕೀಲಿಕೈ ಬೇಕು. ಹೋಲಿಕೆ ಇಲ್ಲಿಗೆ ಮುಗಿಯುತ್ತದೆ. ಅಂಚೆ ಪೆಟ್ಟಿಗೆಯ ಕೀಲಿಕೈ ಕಳೆದರೆ ಇಲಾಖೆ ಬೀಗ ಒಡೆಸುತ್ತದೆ. ಇಲ್ಲಿ ಒಡೆಯುವ ಬೀಗವೂ ಇಲ್ಲ, ಇಲಾಖೆಯೂ ಇಲ್ಲ.

ಬ್ಯಾಂಕನ್ನು ಬಿಟ್ಟ ಹಣ

ಗಣಕದಲ್ಲಿ ನಾಣ್ಯ ಇಟ್ಟುಕೊಳ್ಳುವ ಪ್ರಯತ್ನ ಬಿಟ್‌ಕಾಯಿನ್‌ಗಿಂತ ಹಳೆಯದು. ಅಮೆರಿಕದ ಗೂಢಲಿಪಿ ತಜ್ಞ ಡೇವಿಡ್ ಚಾಮ್ 1982ರಲ್ಲಿ 'ಕುರುಡು ಸಹಿ' ಎಂಬ ವಿಧಾನವನ್ನು ಮಂಡಿಸಿದರು. ಲಕೋಟೆಯೊಳಗಿನ ಕಾಗದವನ್ನು ನೋಡದೆಯೇ ಮೇಲಿನಿಂದ ಮುದ್ರೆ ಒತ್ತುವಂತೆ, ಯಾರ ನಾಣ್ಯವೆಂದು ತಿಳಿಯದೆಯೇ ಬ್ಯಾಂಕು ಅದಕ್ಕೆ ಸಹಿ ಮಾಡಬಹುದಾದ ಉಪಾಯ ಅದು. 1989ರಲ್ಲಿ ಅವರು ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಡಿಜಿಕ್ಯಾಶ್ ಎಂಬ ಕಂಪನಿಯನ್ನು ಸ್ಥಾಪಿಸಿದರು. 1995ರಲ್ಲಿ ಅಮೆರಿಕದ ಮಾರ್ಕ್ ಟ್ವೇನ್ ಬ್ಯಾಂಕು ಈ ನಾಣ್ಯಗಳನ್ನು ಬಳಕೆಗೆ ತಂದಿತು. ನಾಣ್ಯಗಳು ಬಳಕೆದಾರರ ಗಣಕದಲ್ಲಿಯೇ ಇರುತ್ತಿದ್ದವು. ಆದರೆ ಒಂದೇ ನಾಣ್ಯ ಎರಡು ಬಾರಿ ಖರ್ಚಾಗದಂತೆ ನೋಡಿಕೊಳ್ಳಲು ಬ್ಯಾಂಕು ಬೇಕಿತ್ತು. 1998ರಲ್ಲಿ ಡಿಜಿಕ್ಯಾಶ್ ದಿವಾಳಿಯಾಯಿತು.

ಬ್ಯಾಂಕಿನ ಅಗತ್ಯವನ್ನೇ ತೆಗೆದುಹಾಕುವ ಉಪಾಯವನ್ನು ಸತೋಶಿ ನಕಾಮೊಟೊ ಎಂಬ ಹೆಸರಿನಲ್ಲಿ ಬರೆದವರು 2008ರ ಅಕ್ಟೋಬರ್ 31ರಂದು ಮುಂದಿಟ್ಟರು. 2009ರ ಜನವರಿ 3ರಂದು ಬಿಟ್‌ಕಾಯಿನ್ ಜಾಲದ ಮೊದಲ ಕಂತು ದಾಖಲಾಯಿತು. ಜನವರಿ 12ರಂದು ನಕಾಮೊಟೊ ಅವರು ಹಾಲ್ ಫಿನ್ನಿ ಎಂಬ ತಂತ್ರಾಂಶ ತಜ್ಞರಿಗೆ 10 ಬಿಟ್‌ಕಾಯಿನ್ ಕಳಿಸಿದರು. ನಡುವೆ ಯಾರೂ ಇಲ್ಲದೆ ಹಣ ಕೈ ಬದಲಾಯಿಸಿತು. ಬ್ಯಾಂಕು ಹೋದಾಗ ಅದರ ಜೊತೆಗೆ ಇನ್ನೊಂದೂ ಹೋಯಿತೆಂಬುದು ಆಗ ಹೆಚ್ಚು ಜನರ ಗಮನಕ್ಕೆ ಬರಲಿಲ್ಲ: ಏನಾದರೂ ತಪ್ಪಿದರೆ ದೂರು ಕೊಡುವ ಕಿಟಕಿ.

ಈ ವ್ಯತ್ಯಾಸವನ್ನು ನಮ್ಮಲ್ಲಿಯೇ ಕಾಣಬಹುದು. 2022ರ ಡಿಸೆಂಬರ್ 1ರಂದು ರಿಸರ್ವ್ ಬ್ಯಾಂಕು ಮುಂಬಯಿ, ನವದೆಹಲಿ, ಬೆಂಗಳೂರು ಮತ್ತು ಭುವನೇಶ್ವರಗಳಲ್ಲಿ ಜನಸಾಮಾನ್ಯರಿಗಾಗಿ ಡಿಜಿಟಲ್ ರೂಪಾಯಿಯ ಪ್ರಯೋಗ ಆರಂಭಿಸಿತು. ಅದನ್ನು ಇಟ್ಟುಕೊಳ್ಳುವ ಮೊಬೈಲ್ ತಂತ್ರಾಂಶಕ್ಕೂ ವ್ಯಾಲೆಟ್ ಎಂದೇ ಹೆಸರು. ಆದರೆ ಅದನ್ನು ಕೊಡುವುದು ಬ್ಯಾಂಕು, ಅದರ ಹಿಂದಿರುವುದು ರಿಸರ್ವ್ ಬ್ಯಾಂಕು. ಕ್ರಿಪ್ಟೊ ವ್ಯಾಲೆಟ್ಟಿನ ಹಿಂದೆ ಅಂಥವರು ಯಾರೂ ಇಲ್ಲ.

ಕಳೆಯುವುದು, ಕಳುವಾಗುವುದು

ಬಿಟ್‌ಕಾಯಿನ್‌ನ ಮೊದಲ ತಂತ್ರಾಂಶದಲ್ಲಿ ಕೀಲಿಕೈಗಳೆಲ್ಲ 'ವ್ಯಾಲೆಟ್ ಡಾಟ್ ಡ್ಯಾಟ್' ಎಂಬ ಒಂದೇ ಕಡತದಲ್ಲಿದ್ದವು. ಅದಕ್ಕೆ ಗುಪ್ತಪದದ ಕಾವಲು ಇರಲಿಲ್ಲ. ಕಡತದ ಇನ್ನೊಂದು ಪ್ರತಿ ಇಟ್ಟುಕೊಂಡರೆ ಸಾಕೆಂದು ಎಲ್ಲರೂ ತಿಳಿದಿದ್ದರು.

2010ರ ಆಗಸ್ಟ್‌ನಲ್ಲಿ ಒಬ್ಬ ಬಳಕೆದಾರರ ಬಳಿ 9,000 ಬಿಟ್‌ಕಾಯಿನ್‌ಗಳಿದ್ದವು. ಅವರು ಕಡತದ ಪ್ರತಿಯನ್ನು ತೆಗೆದಿಟ್ಟು, ಪರೀಕ್ಷೆಗಾಗಿ ತಮ್ಮ ವಿಳಾಸಕ್ಕೇ ಒಂದು ಬಿಟ್‌ಕಾಯಿನ್ ಕಳಿಸಿಕೊಂಡರು. ಆಮೇಲೆ ಹಳೆಯ ಪ್ರತಿಯನ್ನು ತೆರೆದರೆ ಉಳಿದ 8,999 ಬಿಟ್‌ಕಾಯಿನ್‌ಗಳು ಕೈಗೆ ಸಿಗಲಿಲ್ಲ. ಕಾರಣ ಸರಳ. ಬಿಟ್‌ಕಾಯಿನ್ ಬ್ಯಾಂಕ್ ಖಾತೆಯಂತಲ್ಲ, ನೋಟಿನಂತೆ ಕೆಲಸ ಮಾಡುತ್ತದೆ. ನೂರರ ನೋಟು ಕೊಟ್ಟು ಒಂದು ರೂಪಾಯಿಯ ಸಾಮಾನು ಕೊಂಡರೆ 99 ರೂಪಾಯಿ ಚಿಲ್ಲರೆ ಬರುವಂತೆ, 9,000ದ 'ನೋಟು' ಮುರಿದು 8,999 ಚಿಲ್ಲರೆ ಬಂತು. ತಂತ್ರಾಂಶವು ಆ ಚಿಲ್ಲರೆಗೆಂದು ಹೊಸ ಕೀಲಿಕೈಯನ್ನು ಸೃಷ್ಟಿಸಿತ್ತು. ಹಳೆಯ ಪ್ರತಿಯಲ್ಲಿ ಆ ಕೀಲಿಕೈ ಇರಲಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ಬಂದ ಆವೃತ್ತಿಯಲ್ಲಿ ಕೀಲಿಕೈಗಳನ್ನು ಮುಂದಾಗಿಯೇ ಒಟ್ಟಿಗೆ ಮಾಡಿಡುವ ಏರ್ಪಾಡು ಸೇರಿತು. ಆದರೂ ಆಗಾಗ ಹೊಸ ಪ್ರತಿ ತೆಗೆಯುವ ಕೆಲಸ ತಪ್ಪಲಿಲ್ಲ.

2011ರ ಜೂನ್‌ನಲ್ಲಿ ಇದಕ್ಕೆ ತದ್ವಿರುದ್ಧವಾದ ಘಟನೆ ನಡೆಯಿತು. ಇನ್ನೊಬ್ಬ ಬಳಕೆದಾರರ ಗಣಕದಿಂದ 25,000 ಬಿಟ್‌ಕಾಯಿನ್‌ಗಳು ಕಳುವಾದವು. ಕಡತ ಓದಲು ಸಿಕ್ಕಿದ ಕಳ್ಳನಿಗೆ ಬೇರೇನೂ ಬೇಕಿರಲಿಲ್ಲ. ಆ ವರ್ಷದ ಸೆಪ್ಟೆಂಬರಿನಲ್ಲಿ ಬಂದ ಆವೃತ್ತಿಯಲ್ಲಿ ಕೀಲಿಕೈಗಳನ್ನು ಗುಪ್ತಪದದಿಂದ ಬಂಧಿಸುವ ಸೌಲಭ್ಯ ಸೇರಿತು.

ಈ ಎರಡು ಘಟನೆಗಳಲ್ಲಿ ವ್ಯಾಲೆಟ್ಟಿನ ಇಡೀ ಸಮಸ್ಯೆ ಅಡಗಿದೆ. ಕಳೆಯಬಾರದೆಂದು ಪ್ರತಿಗಳನ್ನು ಹೆಚ್ಚಿಸಿದಷ್ಟೂ ಕಳ್ಳನಿಗೆ ದಾರಿಗಳು ಹೆಚ್ಚುತ್ತವೆ. ಕಳುವಾಗಬಾರದೆಂದು ಬೀಗಗಳನ್ನು ಹೆಚ್ಚಿಸಿದಷ್ಟೂ ಒಡೆಯನೇ ಹೊರಗುಳಿಯುವ ಅಪಾಯ ಹೆಚ್ಚುತ್ತದೆ. ಆಮೇಲೆ ಬಂದ ಎಲ್ಲ ಬಗೆಯ ವ್ಯಾಲೆಟ್‌ಗಳೂ ಈ ತಕ್ಕಡಿಯ ಎರಡು ತಟ್ಟೆಗಳನ್ನು ಸಮಗೊಳಿಸುವ ಪ್ರಯತ್ನಗಳೇ.

ಬೇರೆಯವರ ಕೈಗಿತ್ತ ಕೀಲಿಕೈ

ಈ ತಲೆನೋವು ಬೇಡವೆಂದವರು ವಿನಿಮಯ ಕೇಂದ್ರಗಳಲ್ಲಿಯೇ ಹಣವನ್ನು ಬಿಟ್ಟರು. ಅಲ್ಲಿ ಬಳಕೆದಾರರಿಗೆ ಸಿಗುವುದು ಹೆಸರು ಮತ್ತು ಗುಪ್ತಪದ ಮಾತ್ರ. ಖಾಸಗಿ ಕೀಲಿಕೈ ಕಂಪನಿಯ ಬಳಿ ಇರುತ್ತದೆ. ಗುಪ್ತಪದ ಮರೆತರೆ ಹೊಸದು ಸಿಗುತ್ತದೆ. ಆದರೆ ಕಂಪನಿಯೇ ಮುಳುಗಿದರೆ?

ಟೋಕಿಯೊದ ಮೌಂಟ್ ಗಾಕ್ಸ್ ಎಂಬ ಕೇಂದ್ರ 2014ರ ಫೆಬ್ರವರಿಯಲ್ಲಿ ದಿವಾಳಿ ಅರ್ಜಿ ಸಲ್ಲಿಸಿತು. ಸುಮಾರು 8,50,000 ಬಿಟ್‌ಕಾಯಿನ್‌ಗಳು ಕಾಣೆಯಾಗಿವೆ ಎಂದು ಹೇಳಿತು. ಮುಂದಿನ ತಿಂಗಳು ಅವುಗಳಲ್ಲಿ ಸುಮಾರು 2,00,000 ಹಳೆಯ ಮಾದರಿಯ ವ್ಯಾಲೆಟ್ ಒಂದರಲ್ಲಿ ಸಿಕ್ಕಿದವು. ಲಕ್ಷಾಂತರ ಬಿಟ್‌ಕಾಯಿನ್ ಎಲ್ಲಿವೆ ಎಂಬ ಲೆಕ್ಕ ಕಂಪನಿಗೇ ಇರಲಿಲ್ಲ.

ಕೆನಡಾದ ಕ್ವಾಡ್ರಿಗಾ ಸಿ.ಎಕ್ಸ್. ಕೇಂದ್ರದ ಕಥೆ ಭಾರತದ ಮೂಲಕ ಹಾದುಹೋಗುತ್ತದೆ. ಅದರ ಸ್ಥಾಪಕ ಜೆರಾಲ್ಡ್ ಕಾಟನ್ 2018ರ ಡಿಸೆಂಬರಿನಲ್ಲಿ ಜೈಪುರದಲ್ಲಿ ನಿಧನರಾದರು. ಗ್ರಾಹಕರ ಹಣದ ಕೀಲಿಕೈಗಳು ಅವರೊಬ್ಬರಿಗೇ ಗೊತ್ತಿದ್ದವೆಂದು ಹೇಳಲಾಯಿತು. ಆದರೆ ತನಿಖೆ ನಡೆದಾಗ ಆ ವ್ಯಾಲೆಟ್‌ಗಳು ತಿಂಗಳುಗಳ ಹಿಂದೆಯೇ ಬರಿದಾಗಿದ್ದುದು ಕಂಡುಬಂತು. ಅವರು ಗ್ರಾಹಕರ ಹಣವನ್ನು ತಮ್ಮ ವ್ಯಾಪಾರಕ್ಕೆ ಬಳಸಿದ್ದರೆಂದು ಒಂಟಾರಿಯೊ ಪ್ರಾಂತ್ಯದ ಷೇರು ನಿಯಂತ್ರಣ ಆಯೋಗ 2020ರ ವರದಿಯಲ್ಲಿ ತಿಳಿಸಿತು. 2022ರ ನವೆಂಬರಿನಲ್ಲಿ ಎಫ್.ಟಿ.ಎಕ್ಸ್. ಕುಸಿಯಿತು. 2024ರ ಜುಲೈನಲ್ಲಿ ಭಾರತದ ವಜೀರ್‌ಎಕ್ಸ್‌ನಿಂದ 23 ಕೋಟಿ ಡಾಲರಿಗೂ ಹೆಚ್ಚು ಮೌಲ್ಯದ ಕ್ರಿಪ್ಟೊ ಹಣ ಕಳುವಾಯಿತು. ಗ್ರಾಹಕರು ತಮ್ಮ ಹಣ ತೆಗೆಯಲಾಗದೆ ಬಹುಕಾಲ ಕಾದರು.

ವಿನಿಮಯ ಕೇಂದ್ರವು ಕೊಳ್ಳುವ, ಮಾರುವ ಸಂತೆ. ದೀರ್ಘಕಾಲ ಹಣ ಇಡುವ ತಿಜೋರಿಯಲ್ಲ ಎಂಬ ಮಾತು ಈ ಅನುಭವಗಳಿಂದ ಹುಟ್ಟಿತು.

ಹನ್ನೆರಡು ಪದಗಳು

ಕೀಲಿಕೈಯನ್ನು ಯಂತ್ರದಲ್ಲಿಯೂ ಇಡದೆ, ಪರರಿಗೂ ಕೊಡದೆ, ತಲೆಯಲ್ಲಿಯೇ ಇಟ್ಟುಕೊಂಡರೆ ಹೇಗೆ? ನೆನಪಿನಲ್ಲಿ ಉಳಿಯುವ ವಾಕ್ಯವೊಂದರಿಂದ ಕೀಲಿಕೈಯನ್ನು ಲೆಕ್ಕ ಹಾಕುವ 'ಮಿದುಳಿನ ವ್ಯಾಲೆಟ್' ಹೀಗೆ ಹುಟ್ಟಿತು. ಆದರೆ ಮನುಷ್ಯರು ಆರಿಸುವ ವಾಕ್ಯಗಳು ಹಾಡಿನ ಸಾಲು, ಗಾದೆ, ಪುಸ್ತಕದ ಮಾತುಗಳೇ. ಗಣಕಗಳು ಇಂಥ ಲಕ್ಷಾಂತರ ವಾಕ್ಯಗಳನ್ನು ಕ್ಷಣಮಾತ್ರದಲ್ಲಿ ಪರೀಕ್ಷಿಸಬಲ್ಲವು. ಇಂಥ ವ್ಯಾಲೆಟ್‌ಗಳನ್ನು ಭೇದಿಸುವುದು ಎಷ್ಟು ಸುಲಭವೆಂದು 2015ರ ಡೆಫ್‌ಕಾನ್ ಸಮಾವೇಶದಲ್ಲಿ ಬಹಿರಂಗವಾಗಿ ತೋರಿಸಲಾಯಿತು. ಯಾದೃಚ್ಛಿಕತೆ ಮನುಷ್ಯನ ಮನಸ್ಸಿಗೆ ಒಗ್ಗುವ ಗುಣವಲ್ಲ. ಯಂತ್ರವೂ ಕೆಲವೊಮ್ಮೆ ಎಡವುತ್ತದೆ: 2013ರ ಆಗಸ್ಟ್‌ನಲ್ಲಿ ಆಂಡ್ರಾಯ್ಡ್‌ನ ಯಾದೃಚ್ಛಿಕ ಸಂಖ್ಯೆ ಸೃಷ್ಟಿಸುವ ಭಾಗದಲ್ಲಿ ದೋಷ ಕಂಡುಬಂದು, ಆ ಫೋನುಗಳ ಅನೇಕ ವ್ಯಾಲೆಟ್‌ಗಳು ಅಪಾಯಕ್ಕೀಡಾದವು.

ಸರಿಯಾದ ದಾರಿ ಮೂರು ಹೆಜ್ಜೆಗಳಲ್ಲಿ ಸಿಕ್ಕಿತು. 2011ರಲ್ಲಿ ಬಂದ ಎಲೆಕ್ಟ್ರಮ್ ಎಂಬ ವ್ಯಾಲೆಟ್ 'ಬೀಜ'ದ ವಿಚಾರವನ್ನು ಬಳಕೆಗೆ ತಂದಿತು. ಒಂದು ಬೀಜಸಂಖ್ಯೆಯಿಂದ ಎಲ್ಲ ಕೀಲಿಕೈಗಳನ್ನೂ ಒಂದಾದಮೇಲೊಂದು ಲೆಕ್ಕ ಹಾಕುವುದು ಇದರ ಕ್ರಮ. 2012ರಲ್ಲಿ ಪೀಟರ್ ವುಯ್ಲೆ ಅವರು ಬೀಜದಿಂದ ಕಾಂಡ, ಕೊಂಬೆ, ರೆಂಬೆಗಳಂತೆ ಕೀಲಿಕೈಗಳು ಕವಲೊಡೆಯುವ ವ್ಯವಸ್ಥಿತ ವಿಧಾನವನ್ನು ಮಂಡಿಸಿದರು. 2013ರಲ್ಲಿ ಆ ಬೀಜವನ್ನು ಸಾಮಾನ್ಯ ಪದಗಳಲ್ಲಿ ಬರೆಯುವ ಮಾನಕವೊಂದು ಬಂದಿತು. 8,999 ಬಿಟ್‌ಕಾಯಿನ್ ಕಳೆದ ಬಗೆಯ ಅಪಘಾತಕ್ಕೆ ಇದರಿಂದ ಆಸ್ಪದವಿಲ್ಲದಂತಾಯಿತು. ಮುಂದೆ ಎಷ್ಟೇ ಹೊಸ ಕೀಲಿಕೈಗಳು ಹುಟ್ಟಿದರೂ ಮೊದಲ ದಿನ ಬರೆದಿಟ್ಟ ಪದಗಳಿಂದ ಎಲ್ಲವನ್ನೂ ಮತ್ತೆ ಪಡೆಯಬಹುದು.

ಪದಗಳ ಲೆಕ್ಕ ಸೊಗಸಾಗಿದೆ. ಪಟ್ಟಿಯಲ್ಲಿ 2,048 ಪದಗಳಿವೆ. 2,048 ಎಂದರೆ ಎರಡರ 11ನೆಯ ಘಾತ. ಆದ್ದರಿಂದ ಪ್ರತಿಯೊಂದು ಪದವೂ 11 ದ್ವಿಮಾನ ಅಂಕಗಳಿಗೆ ಸಮ. 12 ಪದಗಳೆಂದರೆ 132 ಅಂಕಗಳು. ಇವುಗಳಲ್ಲಿ 128 ಯಾದೃಚ್ಛಿಕವಾದವು, ಉಳಿದ 4 ತಪ್ಪು ಹಿಡಿಯುವ ತಾಳೆ ಅಂಕಗಳು. 128 ಅಂಕಗಳಿಂದ ಆಗಬಹುದಾದ ಬೀಜಗಳ ಸಂಖ್ಯೆ 34ರ ಮುಂದೆ 37 ಸೊನ್ನೆ ಬರೆದಷ್ಟು. 24 ಪದಗಳ ಬೀಜದಲ್ಲಿ 256 ಯಾದೃಚ್ಛಿಕ ಅಂಕಗಳೂ 8 ತಾಳೆ ಅಂಕಗಳೂ ಇರುತ್ತವೆ. ಪದಗಳ ಅನುಕ್ರಮ ಬದಲಾದರೆ ಬೀಜವೇ ಬೇರೆಯಾಗುತ್ತದೆ.

ಕನ್ನಡಿಗರು ಗಮನಿಸಬೇಕಾದ ಅಂಶವೊಂದಿದೆ. ಈ ಮಾನಕದಲ್ಲಿ ಇಂಗ್ಲಿಷ್, ಜಪಾನಿ, ಸ್ಪ್ಯಾನಿಷ್ ಮೊದಲಾದ ಭಾಷೆಗಳ ಪದಪಟ್ಟಿಗಳಿವೆ; ಭಾರತದ ಯಾವ ಭಾಷೆಯದೂ ಇಲ್ಲ. ಬಳಕೆಯಲ್ಲಿರುವುದು ಬಹುಪಾಲು ಇಂಗ್ಲಿಷ್ ಪಟ್ಟಿಯೇ. ಪದಗಳನ್ನು ಕನ್ನಡ ಲಿಪಿಯಲ್ಲಿ ಉಚ್ಚಾರಣೆಯಂತೆ ಬರೆದುಕೊಂಡರೆ ಮುಂದೊಂದು ದಿನ ಕಾಗುಣಿತದ ಗೊಂದಲ ಎದುರಾದೀತು. ಪರದೆಯ ಮೇಲೆ ಕಂಡಂತೆಯೇ ಇಂಗ್ಲಿಷ್ ಅಕ್ಷರಗಳಲ್ಲಿ, ಬಿಡಿಬಿಡಿಯಾಗಿ, ಕ್ರಮಸಂಖ್ಯೆ ಹಾಕಿ ಬರೆಯಬೇಕು. ಪಟ್ಟಿಯ ಯಾವುದೇ ಪದವನ್ನು ಮೊದಲ ನಾಲ್ಕು ಅಕ್ಷರಗಳಿಂದಲೇ ಗುರುತಿಸಬಹುದಾದ್ದರಿಂದ ಅವು ಸ್ಪಷ್ಟವಾಗಿದ್ದರೆ ಸಾಕು.

ಕಿಸೆಯಲ್ಲಿನ ಪುಟ್ಟ ಯಂತ್ರ

ಅಂತರಜಾಲಕ್ಕೆ ಅಂಟಿಕೊಂಡ ಗಣಕದಲ್ಲಿ ಕೀಲಿಕೈ ಇದ್ದರೆ ಕಳ್ಳ ತಂತ್ರಾಂಶದ ಭಯ ತಪ್ಪದು. 2014ರಲ್ಲಿ ಪ್ರಾಗ್ ನಗರದ ತಂತ್ರಜ್ಞರು ಟ್ರೆಜರ್ ಎಂಬ ಪುಟ್ಟ ಸಾಧನವನ್ನು ಮಾರುಕಟ್ಟೆಗೆ ತಂದರು. ಕೀಲಿಕೈ ಈ ಸಾಧನದೊಳಗೇ ಹುಟ್ಟಿ ಅಲ್ಲಿಯೇ ಉಳಿಯುತ್ತದೆ. ಗಣಕವು ಪಾವತಿಯ ವಿವರವನ್ನು ಸಾಧನಕ್ಕೆ ಕಳಿಸುತ್ತದೆ; ಸಾಧನದ ಚಿಕ್ಕ ಪರದೆಯಲ್ಲಿ ವಿಳಾಸ ಮತ್ತು ಮೊತ್ತ ಕಾಣುತ್ತವೆ; ಗುಂಡಿ ಒತ್ತಿದರೆ ಸಹಿ ಮಾತ್ರ ಹೊರಗೆ ಬರುತ್ತದೆ. ಫ್ರಾನ್ಸಿನ ಲೆಡ್ಜರ್ ಮೊದಲಾದ ಕಂಪನಿಗಳೂ ಇದೇ ದಾರಿ ಹಿಡಿದವು.

ಆಗ ಕಳ್ಳರು ಯಂತ್ರವನ್ನು ಬಿಟ್ಟು ಮನುಷ್ಯರ ಕಡೆ ತಿರುಗಿದರು. 2020ರಲ್ಲಿ ಲೆಡ್ಜರ್ ಕಂಪನಿಯ ಗ್ರಾಹಕರ ಪಟ್ಟಿ ಸೋರಿಕೆಯಾಗಿ, ಎರಡೂವರೆ ಲಕ್ಷಕ್ಕೂ ಹೆಚ್ಚು ಜನರ ಹೆಸರು, ಮನೆ ವಿಳಾಸ, ದೂರವಾಣಿ ಸಂಖ್ಯೆಗಳು ಬಯಲಾದವು. ಸಾಧನಗಳು ಭದ್ರವಾಗಿಯೇ ಇದ್ದವು. ಆದರೆ 'ನಿಮ್ಮ ವ್ಯಾಲೆಟ್ ಅಪಾಯದಲ್ಲಿದೆ, ಪದಗಳನ್ನು ನಮೂದಿಸಿ' ಎಂಬ ಸುಳ್ಳು ಪತ್ರಗಳು ಅವರಿಗೆ ಬರತೊಡಗಿದವು. ಕೆಲವರಿಗೆ ಅಂಚೆಯಲ್ಲಿ ನಕಲಿ ಸಾಧನಗಳೇ ಬಂದವು. 2025ರ ಫೆಬ್ರವರಿಯಲ್ಲಿ ಬೈಬಿಟ್ ಎಂಬ ವಿನಿಮಯ ಕೇಂದ್ರದಿಂದ ಸುಮಾರು 150 ಕೋಟಿ ಡಾಲರ್ ಮೌಲ್ಯದ ಈಥರ್ ಕಳುವಾಯಿತು. ಅಲ್ಲಿ ಹಲವರು ಸಹಿ ಹಾಕಬೇಕಾದ ವ್ಯಾಲೆಟ್ ಇತ್ತು. ಸಹಿದಾರರಿಗೆ ಗಣಕದ ಪರದೆಯಲ್ಲಿ ಕಂಡದ್ದು ಮಾಮೂಲಿ ವರ್ಗಾವಣೆ. ಅವರ ಸಹಿ ಬಿದ್ದದ್ದು ಬೇರೆಯದಕ್ಕೆ. ಓದದೆ ಸಹಿ ಹಾಕಬಾರದೆಂಬ ಹಿರಿಯರ ಮಾತು ಇಲ್ಲಿಯೂ ಅನ್ವಯಿಸುತ್ತದೆ.

ಹೊಸಬರಿಗೆ ಈ ಚರಿತ್ರೆಯ ಪಾಠ

ಆಯ್ಕೆಯ ಮೊದಲ ಪ್ರಶ್ನೆ 'ಯಾವ ಕಂಪನಿಯದು?' ಎಂಬುದಲ್ಲ, 'ಕೀಲಿಕೈ ಯಾರ ಬಳಿ ಇರಬೇಕು?' ಎಂಬುದು. ಇಂದು ಕೊಂಡು ನಾಳೆ ಮಾರುವ ಸಣ್ಣ ಮೊತ್ತ ವಿನಿಮಯ ಕೇಂದ್ರದಲ್ಲಿದ್ದರೆ, ಆ ಕಂಪನಿಯ ಮೇಲಿನ ನಂಬಿಕೆಯೇ ಅದರ ಭದ್ರತೆ. ಕೈಖರ್ಚಿನಷ್ಟು ಮೊತ್ತಕ್ಕೆ ಮೊಬೈಲ್ ವ್ಯಾಲೆಟ್ ಸಾಕು. ಕಳೆದರೆ ದುಃಖವಾಗುವಷ್ಟು ಮೊತ್ತವಿದ್ದು ಬಹುಕಾಲ ಇಡುವುದಾದರೆ ಪ್ರತ್ಯೇಕ ಸಾಧನ ಬೇಕು. ತಂತ್ರಾಂಶದ ಮೂಲಸಂಕೇತ ಬಹಿರಂಗವಾಗಿದ್ದು, ಪದಗಳ ಸಾಮಾನ್ಯ ಮಾನಕವನ್ನು ಪಾಲಿಸುವ ವ್ಯಾಲೆಟ್ ಆರಿಸುವುದು ಒಳ್ಳೆಯದು. ತಯಾರಕರು ಅಂಗಡಿ ಮುಚ್ಚಿದರೂ ಅದೇ ಪದಗಳನ್ನು ಬೇರೊಂದು ವ್ಯಾಲೆಟ್‌ನಲ್ಲಿ ಬಳಸಬಹುದು.

ಸಾಧನವನ್ನು ತಯಾರಕರಿಂದಲೇ ಹೊಸದಾಗಿ ಕೊಳ್ಳಬೇಕು. ಪದಗಳು ನಿಮ್ಮ ಕಣ್ಣೆದುರಿಗೆ ಸಾಧನದಲ್ಲಿ ಹುಟ್ಟಬೇಕು. ಪೆಟ್ಟಿಗೆಯಲ್ಲಿ ಮೊದಲೇ ಮುದ್ರಿಸಿದ ಪದಗಳು ಬಂದಿದ್ದರೆ ಅದು ಮೋಸ. ಅವುಗಳನ್ನು ಕಾಗದದ ಮೇಲೆ ಕೈಯಿಂದ ಬರೆಯಿರಿ. ಫೋಟೊ ತೆಗೆಯುವುದು, ಇ-ಮೇಲ್‌ನಲ್ಲಿ ಕಳಿಸಿಕೊಳ್ಳುವುದು ಬೇಡ. ಹಾಗೆ ಮಾಡಿದರೆ ಸಾಧನ ಕೊಂಡದ್ದೇ ವ್ಯರ್ಥ. ಎರಡು ಪ್ರತಿ ಮಾಡಿ ಎರಡು ಬೇರೆ ಕಡೆ ಇಡಿ. ನೀರು, ಗೆದ್ದಲು, ಬೆಂಕಿ ಮೂರನ್ನೂ ನೆನಪಿನಲ್ಲಿಡಿ.

ಇನ್ನು ಬಹುಪಾಲು ಜನರು ಬಿಟ್ಟುಬಿಡುವ ಹೆಜ್ಜೆ. ಹಣ ಹಾಕುವ ಮೊದಲೇ ಸಾಧನವನ್ನು ಪೂರ್ತಿ ಅಳಿಸಿ, ಕಾಗದದಲ್ಲಿರುವ ಪದಗಳಿಂದ ಮರಳಿ ಸ್ಥಾಪಿಸಿ, ಮೊದಲಿನ ವಿಳಾಸವೇ ಬರುತ್ತದೆಯೇ ಎಂದು ನೋಡಿ. ಬರೆಯುವಾಗ ಆದ ತಪ್ಪು ಈಗ ತಿಳಿದರೆ ನಷ್ಟವಿಲ್ಲ. ಆಮೇಲೆ ಅತಿ ಸಣ್ಣ ಮೊತ್ತ ಕಳಿಸಿ ಪರೀಕ್ಷಿಸಿ. ಅಂಟಿಸಿದ ವಿಳಾಸವನ್ನು ಸದ್ದಿಲ್ಲದೆ ಬದಲಿಸುವ ಕಳ್ಳ ತಂತ್ರಾಂಶಗಳಿವೆ. ಆದ್ದರಿಂದ ಸಾಧನದ ಪರದೆಯ ಮೇಲಿನ ವಿಳಾಸವನ್ನು ಮೊದಲಿನಿಂದ ಕೊನೆಯವರೆಗೆ ತಾಳೆ ನೋಡಿ. ಪದಗಳನ್ನು ಕೇಳುವ ಯಾವ 'ಅಧಿಕಾರಿ'ಯೂ ನಿಜವಾದ ಅಧಿಕಾರಿಯಲ್ಲ.

ಲೆಕ್ಕಪತ್ರವೂ ಬೇಕು. ಭಾರತದಲ್ಲಿ ಕ್ರಿಪ್ಟೊ ಹಣಕ್ಕೆ ಕಾನೂನುಬದ್ಧ ಚಲಾವಣೆಯ ಮಾನ್ಯತೆ ಇಲ್ಲ. ಇದರ ಲಾಭದ ಮೇಲೆ 2022ರ ಏಪ್ರಿಲ್ 1ರಿಂದ ಶೇ. 30ರ ತೆರಿಗೆಯೂ, ಅದೇ ವರ್ಷದ ಜುಲೈ 1ರಿಂದ ವರ್ಗಾವಣೆಯ ಮೊತ್ತದಲ್ಲಿ ಶೇ. 1ರ ಮುಂಗಡ ಕಡಿತವೂ ಜಾರಿಗೆ ಬಂದವು. ಹಣ ನಿಮ್ಮ ಸ್ವಂತ ವ್ಯಾಲೆಟ್‌ನಲ್ಲಿದ್ದರೆ ಕೊಂಡ ದಿನ, ಬೆಲೆಗಳನ್ನು ಬರೆದಿಡುವವರು ನೀವೇ.

ಕೊನೆಯದಾಗಿ, ನಿಮ್ಮ ನಂತರ? ಬ್ಯಾಂಕಿನಲ್ಲಿ ನಾಮನಿರ್ದೇಶನದ ನಮೂನೆಯಿದೆ. ಇಲ್ಲಿ ಕಾಗದ ಎಲ್ಲಿದೆ, ಅದೇನು, ಅದನ್ನು ಯಾರಿಗೂ ಓದಿ ಹೇಳಬಾರದೇಕೆ ಎಂಬುದು ಮನೆಯ ಒಬ್ಬರಿಗಾದರೂ ತಿಳಿದಿರಬೇಕು. ಹಿಂದೆ ಮನೆಯ ಹಿರಿಯರು ತಿಜೋರಿಯ ಬೀಗದ ಕೈಯನ್ನು ಎಲ್ಲಿಟ್ಟಿದ್ದೇನೆಂದು ಒಬ್ಬರಿಗೆ ಮಾತ್ರ ಹೇಳಿರುತ್ತಿದ್ದರು. ಐವತ್ತು ವರ್ಷಗಳ ಗೂಢಲಿಪಿ ಸಂಶೋಧನೆ ಬೀಗವನ್ನು ಒಡೆಯಲಾಗದಷ್ಟು ಗಟ್ಟಿ ಮಾಡಿದೆ. ಅದರ ಕೈಯನ್ನು ಎಲ್ಲಿಡುವುದು, ಯಾರಿಗೆ ಹೇಳುವುದು ಎಂಬ ಹಳೆಯ ಪ್ರಶ್ನೆಯನ್ನು ಮಾತ್ರ ನಮಗೇ ಬಿಟ್ಟಿದೆ.